ಹಿಟ್ಟಿನ ಕೋಳಿಯೂ ತೆರೆಯ ಮೇಲಿನ ರಕ್ತವೂ

ಜೀವವಧೆ ನಡೆಯದ ಕಡೆ ಹಿಂಸೆ ಇರಬಲ್ಲುದೇ? ಈ ಪ್ರಶ್ನೆ ಹೊಸದಲ್ಲ. ಕ್ರಿ.ಶ. ೧೨೦೯ರಲ್ಲಿ ಜನ್ನ ಮಹಾಕವಿಯು ‘ಯಶೋಧರ ಚರಿತೆ’ಯನ್ನು ರಚಿಸಿದುದು ಬಹುಮಟ್ಟಿಗೆ ಈ ಒಂದು ಪ್ರಶ್ನೆಯನ್ನು ಕೇಂದ್ರವಾಗಿರಿಸಿಕೊಂಡೇ. ಎಂಟು ಶತಮಾನಗಳ ಅನಂತರ ಅದೇ ಪ್ರಶ್ನೆ ಒಂದು ಮಲಯಾಳಂ ಚಲನಚಿತ್ರದ ನಿಮಿತ್ತದಿಂದ, ನಮ್ಮ ಸಮಾಜದ ವಿದ್ಯಾರ್ಥಿ ನಿಲಯವೊಂದರ ಹುಡುಗರ ಬಾಯಿಂದ ಹೊರಟಿತು. ಅವರಿಗೆ ನಾನು ಕೊಟ್ಟ ಉತ್ತರವನ್ನೂ, ಉತ್ತರ ಕೊಡುತ್ತಿರುವಾಗ ನನ್ನ ಮನಸ್ಸಿನಲ್ಲಿ ಮೂಡಿದ ಬೇರೊಂದು ಸಂಗತಿಯನ್ನೂ ಈ ಪತ್ರಿಕೆಯ ವಾಚಕರ ಮುಂದಿಡಬೇಕೆನಿಸಿದೆ.

ಆ ಚಿತ್ರದ ಹೆಸರು ‘ಮಾರ್ಕೊ’. ೨೦೨೪ರ ಡಿಸೆಂಬರ್ ೨೦ರಂದು ತೆರೆಕಂಡಿತು. ನಿರ್ದೇಶಕರು ಹನೀಫ್ ಅದೇನಿ. ಮುಖ್ಯಪಾತ್ರದಲ್ಲಿ ಉನ್ನಿ ಮುಕುಂದನ್. ಸಂಗೀತ ನೀಡಿದವರು ನಮ್ಮ ಕುಂದಾಪುರ ಸೀಮೆಯ ರವಿ ಬಸ್ರೂರು. ಅದನ್ನು ಹಿಂಸಾದೃಶ್ಯಗಳ ಪ್ರಮಾಣದಲ್ಲಿ ಭಾರತೀಯ ಚಿತ್ರಗಳನ್ನೆಲ್ಲ ಮೀರಿಸಿದ ಚಿತ್ರವೆಂದೇ ಪ್ರಚಾರ ಮಾಡಲಾಯಿತು. ವಯಸ್ಕರಿಗೆ ಮಾತ್ರವೆಂಬ ‘ಎ’ ಪ್ರಮಾಣಪತ್ರವಿದ್ದರೂ ಚಿತ್ರ ನೂರು ಕೋಟಿ ರೂಪಾಯಿಗಳಿಗೂ ಮಿಕ್ಕಿ ಗಳಿಸಿತೆಂದು ನಿರ್ಮಾಪಕರು ಸಾರಿದರು. ೨೦೨೫ರ ಫೆಬ್ರವರಿಯಲ್ಲಿ ಅದು ಸೋನಿ ಲಿವ್ ಮೂಲಕ ಮನೆಮನೆಯ ಮೊಬೈಲುಗಳಿಗೆ ಬಂದಿತು. ಮುಂದಿನ ತಿಂಗಳು, ದೂರದರ್ಶನ ವಾಹಿನಿಗಳಲ್ಲಿ ಅದನ್ನು ಪ್ರಸಾರ ಮಾಡಲು ಚಲನಚಿತ್ರ ಪ್ರಮಾಣೀಕರಣ ಮಂಡಳಿಯು ಅನುಮತಿ ನಿರಾಕರಿಸಿದುದು ಸುದ್ದಿಯಾಯಿತು. ಮನೆಮಂದಿಯೆಲ್ಲ ಕುಳಿತು ನೋಡುವ ಪೆಟ್ಟಿಗೆಗೆ ಸಲ್ಲದೆಂದು ತೀರ್ಮಾನವಾದದ್ದು, ಒಬ್ಬೊಬ್ಬರೇ ಮುಸುಕಿನೊಳಗೆ ನೋಡುವ ಪೆಟ್ಟಿಗೆಯಲ್ಲಿ ಅದಾಗಲೇ ಕುಳಿತಿತ್ತು.

ನಿಲಯದ ಆರು ಮಂದಿ ಪದವಿ ವಿದ್ಯಾರ್ಥಿಗಳು ರಾತ್ರಿ ಬಹಳ ಹೊತ್ತಿನವರೆಗೆ ಈ ಚಿತ್ರವನ್ನು ನೋಡುತ್ತಿದ್ದುದು ಮೇಲ್ವಿಚಾರಕರ ಕಣ್ಣಿಗೆ ಬಿದ್ದು, ವಿಷಯ ಆಡಳಿತ ಮಂಡಳಿಯ ಸಭೆಗೆ ಬಂದಿತು. ಎಲ್ಲರೂ ಹದಿನೆಂಟು ದಾಟಿದವರು. ಕಾನೂನಿನಂತೆ ತಪ್ಪಿಲ್ಲ. ಆದರೆ ನಿಲಯದ ನಿಯಮಾವಳಿಯ ಮೊದಲ ಪುಟದಲ್ಲಿಯೇ ಅಹಿಂಸೆಯ ಮಾತಿದೆ. ಹಿರಿಯ ಸದಸ್ಯರೊಬ್ಬರು, “ಬೆಳಿಗ್ಗೆ ಜಿನದರ್ಶನ, ರಾತ್ರಿ ನರಮೇಧ ದರ್ಶನ! ಇಂಥವರಿಗೆ ನಮ್ಮ ಸಮಾಜದ ಅನ್ನ ಏಕೆ ಹಾಕಬೇಕು?” ಎಂದು ಕೇಳಿದರು. ಹುಡುಗರನ್ನು ನಿಲಯದಿಂದ ಬಿಡಿಸಬೇಕೆಂಬುದು ಅವರ ಅಭಿಪ್ರಾಯ. ಆ ಆರರಲ್ಲಿ ಇಬ್ಬರು ತೀರ ಬಡ ಮನೆಯವರು. ನಿಲಯ ಬಿಟ್ಟರೆ ಓದು ಬಿಟ್ಟಂತೆ. ಭಾನುವಾರಗಳಂದು ಅಲ್ಲಿ ಸ್ವಾಧ್ಯಾಯ ನಡೆಸುವವನು ನಾನಾದುದರಿಂದ ನನ್ನ ಅಭಿಪ್ರಾಯ ಕೇಳಿದರು. ನಾನು ಒಂದು ವಾರದ ಅವಕಾಶ ಬೇಡಿದೆನು. ಸರಕನ್ನು ಬಿಚ್ಚಿ ನೋಡದೆ ಬೆಲೆ ಕಟ್ಟುವುದು ವರ್ತಕನ ಪದ್ಧತಿಯಲ್ಲ. ಅಹಿತವಾದರೂ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ನೋಡಿದೆನು. ವಿಷವೈದ್ಯನು ವಿಷದ ಬಣ್ಣ ವಾಸನೆಗಳನ್ನು ತಿಳಿದಿರಲೇಬೇಕಷ್ಟೆ.

ಕಥೆ ಸರಳವಾಗಿದೆ. ಕೇರಳದ ಅಡಾಟ್ಟು ಎಂಬ ಸಿರಿವಂತ ಕುಟುಂಬ. ಚಿನ್ನದ ವ್ಯವಹಾರದ ಕೂಟವೊಂದರಲ್ಲಿ ಅದಕ್ಕೆ ಮೇಲ್ಸ್ಥಾನ. ಮಾರ್ಕೊ ಆ ಮನೆಯ ದತ್ತುಮಗ. ಹುಟ್ಟಿನಿಂದ ಆ ಮನೆಯವನಲ್ಲದಿದ್ದರೂ ಪ್ರೀತಿಯಿಂದ ಆ ಮನೆಗೆ ಕಟ್ಟುಬಿದ್ದವನು. ಕುಟುಂಬದ ಕಿರಿಯನಾದ ವಿಕ್ಟರ್ ಅಂಧ. ತನ್ನ ಗೆಳೆಯನ ಕೊಲೆಗೆ ಆತ ಸಾಕ್ಷಿಯಾಗುತ್ತಾನೆ. ಕಣ್ಣಿಲ್ಲದಿದ್ದರೂ ಕೊಲೆಗಾರನನ್ನು ವಾಸನೆಯಿಂದ ಗುರುತಿಸಬಲ್ಲನೆಂಬ ಕಾರಣಕ್ಕಾಗಿ ಅವನನ್ನೂ ಕ್ರೂರವಾಗಿ ಕೊಲ್ಲುತ್ತಾರೆ. ಮಾರ್ಕೊ ಸೇಡಿಗೆ ಹೊರಡುತ್ತಾನೆ. ಅವನು ಒಂದು ಕೊಂದರೆ ಅವರು ನಾಲ್ಕು ಕೊಲ್ಲುತ್ತಾರೆ. ಕಡೆಗೆ ಅಡಾಟ್ಟು ಮನೆಯ ಮೇಲೆ ದಾಳಿಯಾಗಿ ಎಳೆಯ ಮಕ್ಕಳು, ತುಂಬು ಗರ್ಭಿಣಿ ಎಂಬ ಭೇದವಿಲ್ಲದೆ ಸಂಹಾರವಾಗುತ್ತದೆ. ಆ ದೃಶ್ಯವನ್ನು ವಿವರಿಸಿದರೆ ಈ ಪುಟ ಮಲಿನವಾಗುತ್ತದೆ, ಇಷ್ಟೇ ಸಾಕು.

ನನ್ನ ಮನಸ್ಸಿಗೆ ನಾಟಿದುದು ರಕ್ತಕ್ಕಿಂತ ಮಿಗಿಲಾಗಿ ಕಥೆಯ ಹೆಣಿಗೆ. ಮೊದಲು ಒಬ್ಬ ಅಂಧ ತರುಣನನ್ನು ಪ್ರೀತಿಸುವಂತೆ ಮಾಡುತ್ತಾರೆ. ಆಮೇಲೆ ಅವನನ್ನು ಕೊಲ್ಲುತ್ತಾರೆ. ಆಗ ನೋಡುವವನ ಎದೆಯಲ್ಲಿ ಹುಟ್ಟುವ ಕರುಣೆಯು ಕರುಣೆಯಾಗಿ ಉಳಿಯಲು ಬಿಡದೆ, ಅದನ್ನು ಕೂಡಲೇ ಕ್ರೋಧಕ್ಕೆ ತಿರುಗಿಸಿ, ಆ ಕ್ರೋಧಕ್ಕೆ ಒಂದು ಆಯುಧವನ್ನೂ ಒಂದು ಶತ್ರುಶರೀರವನ್ನೂ ಒದಗಿಸುತ್ತಾರೆ. ಕರುಣೆಯೆಂಬ ಒಳ್ಳೆಯ ಹಾಲಿನಿಂದಲೇ ಹೆಪ್ಪು ತೆಗೆದು ದ್ವೇಷದ ಮೊಸರು ಮಾಡುವ ಈ ವಿದ್ಯೆ ಬಲು ಸೂಕ್ಷ್ಮವಾದುದು. ಚಿತ್ರದ ಕಲಾಕಾರರು ತಂತಮ್ಮ ಕೆಲಸವನ್ನು ಅರಿತವರು, ಸಂಶಯವಿಲ್ಲ. ಅರಿಯದವರು ಮಾಡಿದ್ದರೆ ನಾವು ಈ ಚರ್ಚೆಯನ್ನೇ ಮಾಡಬೇಕಾಗಿರಲಿಲ್ಲ.

ಭಾನುವಾರ ಹುಡುಗರನ್ನು ಕೂಡಿಸಿಕೊಂಡು, “ಹೇಳಿರಪ್ಪ, ನಾನೂ ನೋಡಿ ಬಂದಿದ್ದೇನೆ” ಎಂದೆನು. ಅವರಿಗೆ ಆಶ್ಚರ್ಯವಾಯಿತು. ಅವರಲ್ಲಿ ಬುದ್ಧಿವಂತನಾದ ಒಬ್ಬನು ಸಂಕೋಚ ಬಿಟ್ಟು ಎರಡು ಮಾತು ಹೇಳಿದನು. ಮೊದಲನೆಯದು: “ಸರ್, ಅಲ್ಲಿ ಯಾರೂ ಸತ್ತಿಲ್ಲ. ರಕ್ತವೆಂಬುದು ಬಣ್ಣದ ನೀರು. ಸತ್ತವರೆಲ್ಲ ಎದ್ದು ಊಟ ಮಾಡಿದ್ದಾರೆ. ಒಂದು ಇರುವೆಯೂ ಸಾಯದ ಮೇಲೆ ಹಿಂಸೆ ಎಲ್ಲಿಂದ ಬಂತು?” ಎರಡನೆಯದು: “ಅವನಾಗಿ ಯಾರ ಮೇಲೂ ಹೋಗಲಿಲ್ಲ. ಅವರು ಅವನ ತಮ್ಮನನ್ನು ಕೊಂದರು. ವಿರೋಧಿ ಹಿಂಸೆಯನ್ನು ಗೃಹಸ್ಥನಿಗೆ ಪೂರ್ತಿ ನಿಷೇಧಿಸಿಲ್ಲವೆಂದು ನೀವೇ ಪಾಠ ಮಾಡಿದ್ದೀರಿ.” ಪ್ರಶ್ನೆಗಳು ಉದ್ಧಟತನದವಲ್ಲ. ಉತ್ತರ ಹೇಳದೆ ಶಿಕ್ಷೆ ವಿಧಿಸುವುದು ಸುಲಭ. ಆದರೆ ಅದು ಧರ್ಮಪ್ರಭಾವನೆಯಾಗದು.

ಮೊದಲನೆಯ ಪ್ರಶ್ನೆಗೆ ಜನ್ನನೇ ಉತ್ತರ. ಉಜ್ಜಯಿನಿಯ ಅರಸ ಯಶೋಧರನು ದುಃಸ್ವಪ್ನ ಕಂಡೆನೆಂದು ತಾಯಿ ಚಂದ್ರಮತಿಯಲ್ಲಿ ಹೇಳುತ್ತಾನೆ. ದೋಷ ಪರಿಹಾರಕ್ಕೆ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಒತ್ತಾಯಿಸುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸಮ್ಮತವಾದ ಒಂದು ಮಧ್ಯಮಾರ್ಗ ಕಾಣುತ್ತದೆ: ಹಿಟ್ಟಿನಿಂದ ಕೋಳಿಯ ಆಕೃತಿ ಮಾಡಿ ಅದನ್ನು ಬಲಿಕೊಡುವುದು. ಜೀವವಿಲ್ಲದ ಹಿಟ್ಟು, ಯಾರಿಗೂ ನೋವಿಲ್ಲ. ಆದರೆ ಆ ಆಕೃತಿಯ ಸೊಗಸಿಗೆ ಮರುಳಾಗಿ ಒಂದು ಬೆಂತರ ಅದರೊಳಗೆ ಸೇರಿಕೊಂಡಿರುತ್ತದೆ. ಅರಸನ ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಆ ಒಂದು ಏಟಿನ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ.

ನಮ್ಮ ಮಕ್ಕಳಿಗೆ ಈ ಕಥೆಯನ್ನು ‘ಸಂಕಲ್ಪ ಹಿಂಸೆಯೂ ಪಾಪವೇ’ ಎಂಬ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಅದರಲ್ಲಿ ಇನ್ನೂ ಎರಡು ಸೂಕ್ಷ್ಮಗಳಿವೆ. ಒಂದು: ಬೆಂತರವು ಹಿಟ್ಟಿನೊಳಗೆ ಹೊಕ್ಕಿದ್ದು ಅದು ಕುರೂಪವಾಗಿದ್ದುದರಿಂದಲ್ಲ, ಜೀವಂತ ಕೋಳಿಯೆಂದೇ ತೋರುವಷ್ಟು ಚೆನ್ನಾಗಿದ್ದುದರಿಂದ. ಮುದ್ದೆಯಾಗಿ ಕಲಸಿಟ್ಟ ಹಿಟ್ಟಿಗೆ ಬೆಂತರ ಬರುವುದಿಲ್ಲ. ಬಣ್ಣದ ನೀರು ಬಣ್ಣದ ನೀರೆಂದೇ ತೋರುತ್ತಿದ್ದರೆ ಆ ಹುಡುಗರಾದರೂ ಅರ್ಧರಾತ್ರಿಯವರೆಗೆ ಕಣ್ಣರಳಿಸಿ ಕೂರುತ್ತಿರಲಿಲ್ಲ. ಎರಡು: ಹಿಟ್ಟಿನ ಕೋಳಿಗೆ ಜೀವವಿರಲಿಲ್ಲ, ನಿಜ, ಆದರೆ ಕತ್ತಿ ಎತ್ತಿದ ಅರಸನಿಗೆ ಜೀವವಿತ್ತು. ಹಿಂಸೆ ನಡೆದದ್ದು ಅವನಲ್ಲಿ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಸ್ಪಷ್ಟಪಡಿಸುವಂತೆ, ರಾಗಾದಿ ಭಾವಗಳು ಆತ್ಮನಲ್ಲಿ ಉದಯಿಸುವುದೇ ಹಿಂಸೆ, ಅವು ಉದಯಿಸದಿರುವುದೇ ಅಹಿಂಸೆ. ಹೊರಗಿನ ಜೀವ ಸಾಯುವುದು ಬಿಡುವುದು ಅನಂತರದ ಮಾತು. ಮೊದಲು ಘಾತವಾಗುವುದು ತನ್ನ ಆತ್ಮಕ್ಕೆ.

ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳನ್ನು ನಾವೆಲ್ಲ ಬಾಯಿಪಾಠವಾಗಿ ಬಲ್ಲೆವು. ತಾನು ಮಾಡುವುದು, ಪರರಿಂದ ಮಾಡಿಸುವುದು, ಪರರು ಮಾಡಿದುದಕ್ಕೆ ಸಂತೋಷಪಡುವುದು. ನಾಯಕನು ಮಚ್ಚು ಎತ್ತಿದೊಡನೆ ಶಿಳ್ಳೆ ಹೊಡೆಯುವುದು ಮೂರನೆಯದಕ್ಕೆ ಸೇರುತ್ತದೆ. ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದಕ್ಕೆ ನಮ್ಮ ಆಚಾರ್ಯರು ಇಟ್ಟ ಹೆಸರೇ ‘ಹಿಂಸಾನಂದಿ’: ಹಿಂಸೆಯಲ್ಲಿ ಆನಂದಪಡುವುದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನಿಷ್ಪ್ರಯೋಜಕ ಪಾಪಗಳಾದ ಅನರ್ಥದಂಡಗಳನ್ನು ಐದಾಗಿ ವಿಂಗಡಿಸುವಾಗ, ಅಪಧ್ಯಾನವನ್ನೂ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಇನ್ನೊಬ್ಬರ ವಧಬಂಧನಗಳನ್ನು ಚಿಂತಿಸುತ್ತಿರುವುದು ಅಪಧ್ಯಾನ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು ದುಃಶ್ರುತಿ. ಚಲನಚಿತ್ರವೆಂಬುದು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಪ್ರೇಕ್ಷಕನ ದೋಷಕ್ಕೆ ಹೆಸರಿಟ್ಟ ಧರ್ಮ ನಮ್ಮದು. ‘ಅನರ್ಥ’ ಎಂಬ ಪದವನ್ನು ಗಮನಿಸಬೇಕು. ಉದ್ಯೋಗಿ ಹಿಂಸೆಯಲ್ಲಿ ಹೊಟ್ಟೆಪಾಡಾದರೂ ಉಂಟು. ಇದರಲ್ಲಿ ಕಾಸಿನ ಲಾಭವಿಲ್ಲದೆ, ಕಾಸು ಕೊಟ್ಟು, ಪಾಪವನ್ನು ಮನೆಗೆ ತರುವುದಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿತ್ರ ನೋಡಿದವನೂ ಕೊಲೆ ಮಾಡಿದವನೂ ಸಮಾನರೆಂದು ನಾನು ಹೇಳುತ್ತಿಲ್ಲ. ಭಾವದ ತೀವ್ರತೆ ಮಂದತೆಗಳಿಗೆ ಅನುಸಾರವಾಗಿಯೇ ಬಂಧವೆಂಬುದು ಸಿದ್ಧಾಂತ. ೨೦೨೫ರ ಆರಂಭದಲ್ಲಿ ಕೇರಳದಲ್ಲಿ ಯುವಕರಿಂದ ಕೆಲವು ಘೋರ ಕೃತ್ಯಗಳು ನಡೆದಾಗ, ಇಂಥ ಚಿತ್ರಗಳೇ ಕಾರಣವೆಂದು ಹಲವರು ದೂರಿದರು. ಮಾರ್ಚ್‌ನಲ್ಲಿ ಅಲ್ಲಿಯ ವಿಧಾನಸಭೆಯಲ್ಲಿಯೂ ಚರ್ಚೆಯಾಯಿತು. ಚಿತ್ರರಂಗದವರು, ಸಮಾಜದ ಸಕಲ ದೋಷಗಳನ್ನೂ ತಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದರು. ಅವರ ಮಾತಿನಲ್ಲಿ ತಥ್ಯವಿದೆ. ಮಾದಕ ವಸ್ತು, ಸಾಲ, ಮನೆಯ ಕಲಹ, ಒಂಟಿತನ, ಇವೆಲ್ಲವನ್ನೂ ಬಿಟ್ಟು ಒಂದು ಚಿತ್ರದ ಮೇಲೆ ಲೆಕ್ಕ ಬರೆದು ಕೈತೊಳೆದುಕೊಳ್ಳುವುದು ಸುಲಭದ ಜಮಾಖರ್ಚು. ಆದರೆ ಜೈನದೃಷ್ಟಿಗೆ ಈ ವಾದವೇ ಅನಗತ್ಯ. ಚಿತ್ರ ನೋಡಿ ಹೊರಗೆ ಬಂದವನು ಯಾರನ್ನೂ ಹೊಡೆಯದೆ ನೇರವಾಗಿ ಮನೆಗೆ ಹೋಗಿ ಮಲಗಿದನೆನ್ನಿ; ಆ ಮೂರು ತಾಸುಗಳಲ್ಲಿ ಅವನ ಆತ್ಮಪರಿಣಾಮ ಏನಾಗಿತ್ತೆಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಪೊಲೀಸರಿಗೆ ಬೇಕಾದ ಲೆಕ್ಕ ಬೇರೆ, ಕರ್ಮದ ಲೆಕ್ಕ ಬೇರೆ.

ಇನ್ನು ಎರಡನೆಯ ಪ್ರಶ್ನೆ. ವಿರೋಧಿ ಹಿಂಸೆಯ ವಿನಾಯಿತಿ ಗೃಹಸ್ಥನಿಗೆ ಇದೆ. ಮನೆಗೆ ನುಗ್ಗಿದವನನ್ನು ತಡೆಯುವುದು, ರಾಜ್ಯವನ್ನು ಕಾಯುವುದು, ದುರ್ಬಲರ ರಕ್ಷಣೆಗೆ ಅಡ್ಡನಿಲ್ಲುವುದು ಇದರಲ್ಲಿ ಸೇರುತ್ತವೆ. ಗಂಗರಾಜ್ಯದ ಚಾವುಂಡರಾಯನು ಸೇನಾನಿಯಾಗಿದ್ದೇ ಗೊಮ್ಮಟೇಶ್ವರನ ಮೂರ್ತಿಯನ್ನು ನಿಲ್ಲಿಸಿದನು. ಆದರೆ ವಿರೋಧಿ ಹಿಂಸೆಗೂ ಸೇಡಿಗೂ ನಡುವಿನ ಗೆರೆಯನ್ನು ಕಾಲದಿಂದ ಗುರುತಿಸಬೇಕು. ರಕ್ಷಣೆಯು ಬರುತ್ತಿರುವ ಏಟಿಗೆ ಉತ್ತರ. ಅಪಾಯ ಕಳೆದೊಡನೆ ಅದೂ ಮುಗಿಯುತ್ತದೆ. ಸೇಡು ಬಿದ್ದುಹೋದ ಏಟಿಗೆ ಉತ್ತರ. ಅದು ಅಪಾಯ ಕಳೆದ ಮೇಲೆ ಆರಂಭವಾಗುತ್ತದೆ. ರಕ್ಷಣೆಗೆ ಬದುಕಿರುವವರ ಚಿಂತೆ. ಸೇಡಿಗೆ ಸತ್ತವರ ನೆಪ.

ಕ್ರೋಧದ ನಾಲ್ಕು ದರ್ಜೆಗಳನ್ನು ಶಾಸ್ತ್ರಕಾರರು ಗೆರೆಗಳ ಉಪಮೆಯಿಂದಲೇ ವಿವರಿಸುತ್ತಾರೆ. ನೀರಿನ ಮೇಲಿನ ಗೆರೆ, ಮರಳಿನ ಮೇಲಿನ ಗೆರೆ, ನೆಲದಲ್ಲಿ ಬಿಟ್ಟ ಬಿರುಕು, ಕಲ್ಲಿನಲ್ಲಿ ಕೊರೆದ ಗೆರೆ. ಸಂಜ್ವಲನದ ವಾಸನೆ ಅಂತರ್ಮುಹೂರ್ತ ಮಾತ್ರ, ಪ್ರತ್ಯಾಖ್ಯಾನದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನದ್ದು ಆರು ತಿಂಗಳು. ಆರು ತಿಂಗಳನ್ನೂ ದಾಟಿ ಭವಾಂತರಕ್ಕೂ ಹೋಗುವುದು ಅನಂತಾನುಬಂಧಿ. ಅನಂತಾನುಬಂಧಿಯ ಉದಯವಿರುವಲ್ಲಿ ಸಮ್ಯಕ್ತ್ವವೇ ನಿಲ್ಲದು. ಇದು ಮಹತ್ವದ ಮಾತು. ವ್ರತ ನಿಯಮಗಳ ಮಾತು ಒತ್ತಟ್ಟಿಗಿರಲಿ, ಆರು ತಿಂಗಳು ಮೀರಿ ಒಬ್ಬನ ಮೇಲೆ ಹಗೆ ಹಿಡಿದಿರುವವನಿಗೆ ಸಮ್ಯಗ್ದರ್ಶನದ ಮೊದಲ ಮೆಟ್ಟಿಲೇ ಜಾರಿಹೋಗಿರುತ್ತದೆ.

ನಾನು ವಾಣಿಜ್ಯ ಓದಿದವನು. ಲೆಕ್ಕದ ಭಾಷೆಯಲ್ಲಿ ಹುಡುಗರಿಗೆ ಹೀಗೆ ಹೇಳಿದೆನು. ಯಾವ ವ್ಯವಹಾರದಲ್ಲಿಯೂ ಒಬ್ಬನ ಪುಸ್ತಕದಲ್ಲಿ ಬರಬೇಕಾದ ಬಾಕಿ ಇನ್ನೊಬ್ಬನ ಪುಸ್ತಕದಲ್ಲಿ ಕೊಡಬೇಕಾದ ಬಾಕಿಯಾಗಿರುತ್ತದೆ. ಎರಡನ್ನೂ ಎದುರಿಗಿಟ್ಟರೆ ತಾಳೆಯಾಗುತ್ತದೆ. ಸೇಡೊಂದೇ ವಿಚಿತ್ರ ವ್ಯವಹಾರ. ಇಲ್ಲಿ ಇಬ್ಬರ ಪುಸ್ತಕದಲ್ಲಿಯೂ ‘ನನಗೆ ಬರಬೇಕು’ ಎಂದೇ ಬರೆದಿರುತ್ತದೆ. ಪ್ರತಿಯೊಬ್ಬನೂ ತಾನು ಸಾಲ ಕೊಟ್ಟವನೆಂದೇ ತಿಳಿದಿರುತ್ತಾನೆ. ಒಬ್ಬನು ವಸೂಲಿ ಮಾಡಿದ್ದನ್ನು ಇನ್ನೊಬ್ಬನು ಹೊಸ ಸಾಲವೆಂದು ಬರೆದುಕೊಳ್ಳುತ್ತಾನೆ. ಹೀಗಾಗಿ ಎಷ್ಟು ಪಾವತಿಯಾದರೂ ಬಾಕಿ ತೀರುವುದಿಲ್ಲ, ಬಡ್ಡಿಗೆ ಬಡ್ಡಿ ಏರುತ್ತದೆ. ‘ಮಾರ್ಕೊ’ ಚಿತ್ರದಲ್ಲಿಯೇ ನೋಡಿ: ಒಬ್ಬ ತಮ್ಮನ ಸಾವಿಗೆ ಸೇಡು ತೀರಿಸಹೋಗಿ ಆತ ಉಳಿಸಿಕೊಂಡದ್ದೇನು? ಯಾವ ಮನೆಯ ಮೇಲಿನ ಪ್ರೀತಿಯಿಂದ ಹೊರಟನೋ ಆ ಮನೆಯೇ ಉಳಿಯಲಿಲ್ಲ. ಕಥೆ ತಾನಾಗಿ ಈ ಸತ್ಯವನ್ನು ನುಡಿಯುತ್ತಿದೆ. ಅದನ್ನು ಕೇಳಿಸದಂತೆ ಮಾಡಿರುವುದು ವಾದ್ಯಗಳ ಅಬ್ಬರ.

ಪಾರ್ಶ್ವನಾಥ ತೀರ್ಥಂಕರರ ಭವಾವಳಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಮಠ, ಮರುಭೂತಿ ಸಹೋದರರು. ಅಣ್ಣನು ತಮ್ಮನ ಹೆಂಡತಿಯ ವಿಷಯದಲ್ಲಿ ಅಪರಾಧವೆಸಗಿ ಗಡೀಪಾರಾಗುತ್ತಾನೆ. ನೊಂದವನು ಮರುಭೂತಿ, ಆದರೂ ಅವನೇ ಅಣ್ಣನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಬೇಡುತ್ತಾನೆ. ಕಮಠನು ಬಂಡೆಯೆತ್ತಿ ಹಾಕಿ ಅವನನ್ನು ಕೊಲ್ಲುತ್ತಾನೆ. ಅಲ್ಲಿಂದ ಭವಭವಗಳಲ್ಲಿ ಕಮಠನ ಜೀವ ಬೆನ್ನಟ್ಟಿ ಬರುತ್ತದೆ. ಸರ್ಪವಾಗಿ ಕಚ್ಚುತ್ತದೆ, ಸಿಂಹವಾಗಿ ಎರಗುತ್ತದೆ, ಕಡೆಗೆ ದೇವನಾಗಿ ಏಳು ದಿನ ಮಳೆಗಲ್ಲುಗಳ ಉಪಸರ್ಗ ಮಾಡುತ್ತದೆ. ಇದು ಸೇಡಿನ ಕಥೆಯಲ್ಲವೇ? ಹೌದು. ಆದರೆ ಇಲ್ಲಿ ಒಂದೇ ಪುಸ್ತಕದಲ್ಲಿ ಬಾಕಿ ಬರೆಯಲಾಗಿದೆ. ಇನ್ನೊಂದು ಪುಸ್ತಕದ ಪುಟ ಖಾಲಿಯಿದೆ. ಒಂದೇ ಕೈಯಿಂದ ಎಷ್ಟು ಕಾಲ ಚಪ್ಪಾಳೆ ತಟ್ಟಲಾದೀತು? ಕಮಠನ ಕೈ ಸೋತಿತು. ಹುಂಚದಲ್ಲಿಯೂ ಇತರ ಬಸದಿಗಳಲ್ಲಿಯೂ ನಾವು ಪೂಜಿಸುವ ಏಳು ಹೆಡೆಯ ಪ್ರಶಾಂತಮೂರ್ತಿ ಈ ಸೋಲಿಸದೆ ಗೆದ್ದ ಗೆಲುವಿನದು.

ಆಗ ಇನ್ನೊಬ್ಬ ಹುಡುಗ, ಕನ್ನಡ ಸಾಹಿತ್ಯದ ವಿದ್ಯಾರ್ಥಿ, ಸರಿಯಾದ ಆಕ್ಷೇಪವೊಂದನ್ನು ಎತ್ತಿದನು. “ಸರ್, ರನ್ನ ಜೈನ ಕವಿ. ‘ಅಜಿತಪುರಾಣ’ ಬರೆದ ಕೈಯಿಂದಲೇ ‘ಗದಾಯುದ್ಧ’ ಬರೆದ. ತೊಡೆ ಮುರಿಯುವುದೇ ಅದರ ವಸ್ತು. ಅದನ್ನು ಪಠ್ಯವಾಗಿ ಓದಿಸುತ್ತೀರಿ. ಇದನ್ನು ನೋಡಬಾರದೆನ್ನುತ್ತೀರಿ.” ಈ ಪ್ರಶ್ನೆಯಿಂದ ನನಗೆ ಸಂತೋಷವಾಯಿತು. ಮಲಯಾಳ ನಾಡಿನ ಪೂರ್ವಪರಂಪರೆಯಲ್ಲಿಯೂ ಇಂಥದೇ ಉದಾಹರಣೆಯಿದೆ. ಚೇರ ರಾಜವಂಶದವನೂ ಜೈನ ಯತಿಯೂ ಆಗಿದ್ದನೆಂದು ಪ್ರತೀತಿಯಿರುವ ಇಳಂಗೋ ಅಡಿಗಳ ‘ಶಿಲಪ್ಪದಿಕಾರ’ದಲ್ಲಿ, ಕಳ್ಳತನದ ಸುಳ್ಳು ಆರೋಪದಿಂದ ವಧೆಗೀಡಾದ ವರ್ತಕ ಕೋವಲನ ಪತ್ನಿ ಕಣ್ಣಗಿ ಮದುರೆಯನ್ನೇ ಸುಡುತ್ತಾಳೆ. ಆದ್ದರಿಂದ ಸೇಡಿನ ಕಥೆ ಹೇಳುವುದೇ ಜೈನರಿಗೆ ನಿಷಿದ್ಧವೆಂದು ಹೇಳಲಾಗದು.

ವ್ಯತ್ಯಾಸವಿರುವುದು ಕೇಳುಗನನ್ನು ಎಲ್ಲಿ ನಿಲ್ಲಿಸುತ್ತಾರೆಂಬುದರಲ್ಲಿ. ರನ್ನನು ಗದೆಯ ಏಟಿಗೆ ಮುಂಚೆ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಅವನು ದ್ರೋಣನಿಗಾಗಿ, ದುಶ್ಶಾಸನನಿಗಾಗಿ, ಮಗ ಲಕ್ಷಣನಿಗಾಗಿ, ಕರ್ಣನಿಗಾಗಿ ಅಳುತ್ತಾನೆ. ಅಷ್ಟೇ ಆಗಿದ್ದರೆ ಸಾಮಾನ್ಯ. ಅವನು ಶತ್ರುಪುತ್ರನಾದ ಅಭಿಮನ್ಯುವಿನ ಶವದ ಎದುರೂ ನಿಂತು ಅವನ ಪರಾಕ್ರಮಕ್ಕೆ ಕೈಮುಗಿಯುತ್ತಾನೆ. ಕೊಲ್ಲಲ್ಪಡಬೇಕಾದವನ ಕಣ್ಣೀರನ್ನು ತೋರಿಸಿದ ಮೇಲೆ ಕವಿಯು ಏಟನ್ನು ತೋರಿಸುತ್ತಾನೆ. ಶಿಲಪ್ಪದಿಕಾರದಲ್ಲಿಯೂ ದಂಪತಿಗಳೊಡನೆ ದಾರಿ ನಡೆದ ಜೈನ ಆರ್ಯಿಕೆ ಕವುಂದಿ, ಕೋವಲನ ಮರಣವಾರ್ತೆ ಕೇಳಿ ಅನಶನದಿಂದ ದೇಹತ್ಯಾಗ ಮಾಡುತ್ತಾಳೆ. ಅನ್ಯಾಯಕ್ಕೆ ಕಣ್ಣಗಿಯ ಬೆಂಕಿಯೊಂದೇ ಉತ್ತರವಲ್ಲವೆಂಬುದು ಕವುಂದಿಯಿಂದ ತಿಳಿಯುತ್ತದೆ. ‘ಮಾರ್ಕೊ’ ಚಿತ್ರದಲ್ಲಿ ಶತ್ರುವಿಗೆ ಕಣ್ಣೀರಿಲ್ಲ, ಅವನಿಗಾಗಿ ಅಳುವವರೂ ಇಲ್ಲ. ಅವನು ಹಿಟ್ಟಿನ ಕೋಳಿ. ಕತ್ತರಿಸಲೆಂದೇ ಮಾಡಿದ ಆಕೃತಿ.

ಇದನ್ನು ಮಲಯಾಳಂ ಚಿತ್ರರಂಗದ ಸಹಜ ಸ್ವಭಾವವೆಂದು ತಿಳಿಯಬಾರದು. ೨೦೧೬ರಲ್ಲಿ ಅದೇ ಭಾಷೆಯಲ್ಲಿ ದಿಲೀಶ್ ಪೋತ್ತನ್ ಅವರು ‘ಮಹೇಷಿಂಡೆ ಪ್ರತಿಕಾರಂ’ ಎಂಬ ಚಿತ್ರ ಮಾಡಿದರು. ಹೆಸರಿನ ಅರ್ಥ ‘ಮಹೇಶನ ಸೇಡು’. ಇಡುಕ್ಕಿಯ ಸಣ್ಣ ಊರಿನ ಛಾಯಾಗ್ರಾಹಕನೊಬ್ಬ ಜಗಳವೊಂದರಲ್ಲಿ ಎಲ್ಲರೆದುರು ಏಟು ತಿನ್ನುತ್ತಾನೆ. ಸೇಡು ತೀರುವವರೆಗೂ ಚಪ್ಪಲಿ ಮೆಟ್ಟುವುದಿಲ್ಲವೆಂದು ಶಪಥ ಮಾಡುತ್ತಾನೆ. ಹೊಡೆದವನು ದುಬೈಗೆ ಹೋಗಿಬಿಡುತ್ತಾನೆ. ಕಾಯುವ ಅವಧಿಯಲ್ಲಿ ಇವನು ತನ್ನ ಕಸಬನ್ನು ಹೊಸದಾಗಿ ಕಲಿಯುತ್ತಾನೆ, ಪ್ರೀತಿಸುತ್ತಾನೆ. ಪ್ರೀತಿಸಿದವಳು ಆ ಶತ್ರುವಿನ ತಂಗಿಯೇ ಆಗಿರುತ್ತಾಳೆ. ಕೊನೆಗೆ ಕೈಕೈ ಮಿಲಾಯಿಸುವುದೂ ಉಂಟು. ಆದರೆ ಚಿತ್ರ ನಿಲ್ಲುವುದು ಸಂಬಂಧ ಕೇಳುವಲ್ಲಿ. ಕಲ್ಲಿನ ಗೆರೆಯೆಂದು ಹೊರಟದ್ದು ಮರಳಿನ ಗೆರೆಯಾಗಿ ಮುಗಿಯುತ್ತದೆ. ಅದನ್ನೂ ಜನ ಮೆಚ್ಚಿ ನೋಡಿದರು. ಹಿಂಸೆಯಿಲ್ಲದೆ ಜನ ಬರುವುದಿಲ್ಲವೆಂಬ ವಾದ ಇಲ್ಲಿಗೆ ಬೀಳುತ್ತದೆ. ‘ಮಾರ್ಕೊ’ ಚಿತ್ರದ ನಿರ್ಮಾಪಕರೂ ಇನ್ನು ಮುಂದೆ ಇಷ್ಟು ಹಿಂಸೆಯ ಚಿತ್ರಗಳನ್ನು ಮಾಡುವುದಿಲ್ಲವೆಂದು ೨೦೨೫ರ ಮಾರ್ಚ್‌ನಲ್ಲಿ ಹೇಳಿದರು. ಲಾಭ ಬಂದ ಸರಕಿನ ಬಗ್ಗೆ ವ್ಯಾಪಾರಿಯೊಬ್ಬ ಹಾಗೆ ಹೇಳುವುದು ಅಪರೂಪ. ಅದನ್ನು ಗೌರವದಿಂದಲೇ ಕಾಣಬೇಕು.

ಆಡಳಿತ ಮಂಡಳಿಗೆ ನಾನು ಕೊಟ್ಟ ಅಭಿಪ್ರಾಯ ಹೀಗಿತ್ತು: ಹುಡುಗರನ್ನು ಬಿಡಿಸಬಾರದು. ಅವರಾಗಿಯೇ ಒಪ್ಪಿದರೆ ಒಂದು ಚಾತುರ್ಮಾಸದ ಮಟ್ಟಿಗೆ ಇಂಥ ಚಿತ್ರಗಳನ್ನು ನೋಡುವುದಿಲ್ಲವೆಂಬ ನಿಯಮ ಕೊಡಬಹುದು. ಬಲವಂತದ ನಿಯಮಕ್ಕೆ ಫಲವಿಲ್ಲ. ಜೊತೆಗೆ ‘ಯಶೋಧರ ಚರಿತೆ’ಯನ್ನು ಆದಿಯಿಂದ ಅಂತ್ಯದವರೆಗೆ ಓದಿಸಬೇಕು. ಮಂಡಳಿ ಒಪ್ಪಿತು. ಐವರು ನಿಯಮ ಸ್ವೀಕರಿಸಿದರು. ಆರನೆಯವನು, “ನಿಭಾಯಿಸಬಲ್ಲೆನೆಂದು ಅನ್ನಿಸಿದಾಗ ತೆಗೆದುಕೊಳ್ಳುತ್ತೇನೆ ಸರ್” ಎಂದನು. ಅವನ ಪ್ರಾಮಾಣಿಕತೆಯೂ ಮೆಚ್ಚತಕ್ಕದ್ದೇ.

ಆದರೆ ಅಂದಿನ ಸ್ವಾಧ್ಯಾಯ ಮುಗಿಯುವ ಮುನ್ನ ಆ ಬುದ್ಧಿವಂತ ಹುಡುಗ ಮತ್ತೊಂದು ಮಾತು ಕೇಳಿದ್ದನು. “ಆರು ತಿಂಗಳು ಮೀರಿದ ಹಗೆ ಅನಂತಾನುಬಂಧಿ ಅಂದಿರಿ. ನಮ್ಮೂರ ಬಸದಿಯ ಎರಡು ಪಕ್ಷದವರ ವ್ಯಾಜ್ಯ ನಾನು ಹುಟ್ಟುವುದಕ್ಕೂ ಮೊದಲಿಂದ ನ್ಯಾಯಾಲಯದಲ್ಲಿದೆ. ಅದು ಯಾವ ಗೆರೆ ಸರ್?”

ಈ ಲೇಖನ ಬರೆಯಲು ನಿಜವಾದ ಕಾರಣ ಆ ಪ್ರಶ್ನೆ. ಊರಿನ ಹೆಸರು ಬೇಡ. ಅಂಥ ಊರುಗಳನ್ನು ವಾಚಕರೂ ಬಲ್ಲರು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮುನ್ನ ಉಣ್ಣುವ, ಗೆಡ್ಡೆಗೆಣಸು ಮುಟ್ಟದ ಎರಡು ಮನೆಗಳವರು ಒಂದೇ ಬಸದಿಯಲ್ಲಿ ಬೇರೆಬೇರೆ ಹೊತ್ತಿಗೆ ಅಭಿಷೇಕ ಮಾಡಿಸುತ್ತಾರೆ. ಧರ್ಮದರ್ಶಿತ್ವದ ವಿವಾದ ಅಜ್ಜನಿಂದ ಮೊಮ್ಮಗನಿಗೆ ದಾಯಭಾಗದಂತೆ ಇಳಿದು ಬರುತ್ತದೆ. ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗುವುದಿಲ್ಲ. ದೇವರ ಹೆಸರಿನಲ್ಲಿ ಬಂದ ಕಾಣಿಕೆ ದೇವರ ಪ್ರತಿನಿಧಿಗಳ ವಕೀಲರಿಗೆ ಸಲ್ಲುತ್ತದೆ. ಎರಡೂ ಪುಸ್ತಕದಲ್ಲಿ ‘ನನಗೆ ಬರಬೇಕು’ ಎಂದೇ ಬರೆದಿದೆ. ಇಲ್ಲಿ ಒಂದು ಹನಿ ರಕ್ತ ಬೀಳುವುದಿಲ್ಲ. ಬಣ್ಣದ ನೀರು ಕೂಡ ಬೀಳುವುದಿಲ್ಲ. ಆದರೆ ಹಿಂಸೆ ಆತ್ಮಪರಿಣಾಮದಲ್ಲಿದೆಯೆಂದು ಹುಡುಗರಿಗೆ ಪಾಠ ಹೇಳುವ ನಾವು, ಈ ಪರಿಣಾಮಕ್ಕೆ ಬೇರೆ ಹೆಸರು ಇಡಲಾದೀತೇ? ಮೂರು ತಾಸಿನ ರೌದ್ರಧ್ಯಾನಕ್ಕೆ ಅಂಜಿದವರು ಮೂವತ್ತು ವರ್ಷದ ರೌದ್ರಧ್ಯಾನಕ್ಕೆ ಅಂಜಬೇಡವೇ?

ನ್ಯಾಯಾಲಯಕ್ಕೆ ಹೋಗುವುದೇ ದೋಷವೆಂದು ನನ್ನ ಅಭಿಪ್ರಾಯವಲ್ಲ. ಬಸದಿಯ ಆಸ್ತಿ ಅನ್ಯರ ಪಾಲಾಗುವಾಗ ದಾವೆ ಹೂಡುವುದು ಕರ್ತವ್ಯ; ಅದು ವಿರೋಧಿ ಹಿಂಸೆಯ ಸೌಮ್ಯ ರೂಪ. ಅಪಾಯ ಕಳೆದೊಡನೆ ಅದು ಮುಗಿಯುತ್ತದೆ. ಮುಗಿಯದೆ ಉಳಿದಿದ್ದರೆ, ಆಸ್ತಿಗಾಗಿ ನಡೆಯುತ್ತಿದೆಯೋ ಎದುರಿನವನಿಗಾಗಿ ನಡೆಯುತ್ತಿದೆಯೋ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಆದುದರಿಂದ ನಮ್ಮ ಬಸದಿಗಳ, ನಿಲಯಗಳ, ಟ್ರಸ್ಟುಗಳ ಆಡಳಿತದವರಲ್ಲಿ ನನ್ನ ವಿನಂತಿ ಇಷ್ಟು. ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯದು. ಆ ದಿನಕ್ಕೆ ಮುನ್ನ ಕಾರ್ಯದರ್ಶಿಗಳು, ನಮ್ಮವರ ಮೇಲೆ ನಮ್ಮವರೇ ಹೂಡಿ ಆರು ತಿಂಗಳು ಮೀರಿರುವ ವ್ಯಾಜ್ಯಗಳ ಪಟ್ಟಿಯೊಂದನ್ನು ಸಭೆಯ ಮುಂದೆ ಓದಲಿ. ಪ್ರತಿಯೊಂದಕ್ಕೂ ಎರಡೂ ಕಡೆಯವರು ಒಪ್ಪುವ ಒಬ್ಬ ಹಿರಿಯರನ್ನು ನೇಮಿಸಲಿ. ಹತ್ತು ದಿನಗಳಲ್ಲಿ ಒಂದು ವ್ಯಾಜ್ಯವಾದರೂ ಮುಗಿದು, ಪರ್ವದ ಕೊನೆಯಲ್ಲಿ ಬರುವ ಕ್ಷಮಾವಣಿಯಂದು ಆ ಎರಡು ಮನೆಯವರು ಒಂದೇ ಹೊತ್ತಿನ ಅಭಿಷೇಕದಲ್ಲಿ ನಿಂತರೆ, ಯಾವ ಚಿತ್ರವನ್ನು ನೋಡಬೇಕು, ಯಾವುದನ್ನು ಬಿಡಬೇಕೆಂದು ನಮ್ಮ ಮಕ್ಕಳಿಗೆ ಪ್ರತ್ಯೇಕವಾಗಿ ಉಪದೇಶಿಸುವ ಶ್ರಮ ಬಹಳ ಮಟ್ಟಿಗೆ ಕಡಿಮೆಯಾದೀತು.